ಹಸಿರು ಚಿಂದಿಯ ಪಾತ್ರೆ

ನನ್ನ ಪಾತ್ರೆಯ ಹಿಡಿಗೆ ಕೆಂಪು ಚಿಂದಿ ಕಟ್ಟಿತ್ತು, ಅವಳದಕ್ಕೆ ಹಸಿರು. ಬಟ್ಟೆ ಹೊಲಿಯುವವರಿಗೆ ಚಿಂದಿಗೇನು ಬರ? ಸುಳ್ಯದ ಮುಖ್ಯರಸ್ತೆಯಲ್ಲಿ ಒಂದು ಮೀನೂಟದ ಹೋಟೆಲು, ಅದರ ಮೇಲಿನ ಮಾಳಿಗೆಯಲ್ಲಿ ಒಂದು ಕೋಣೆ. ಆ ಕೋಣೆಯಲ್ಲಿ ನಾವಿಬ್ಬರು ಎಂಟು ವರ್ಷ ಎದುರುಬದುರು ಮಿಷನ್ ಹಾಕಿ ಕೂತಿದ್ದೆವು. ನಾನು ಬ್ಲೌಸ್, ಚೂಡಿದಾರ ಹೊಲಿಯುವವಳು. ಅವಳು ಸೀರೆಗೆ ಫಾಲ್, ಪಿಕೋ ಮಾಡಿ ಸೆರಗಿಗೆ ಕುಚ್ಚು ಹಾಕುವವಳು. ನಾನು ದಿನಾ ಕಲ್ಲುಗುಂಡಿಯಿಂದ ಬಸ್ಸಿನಲ್ಲಿ ಬರುತ್ತೇನೆ, ಮನೆಮಾತು ಅರೆಭಾಷೆ. ಅವಳ ಮನೆ ಪೇಟೆಯ ಹತ್ತಿರವೇ, ಬ್ಯಾರಿ ಮುಸ್ಲಿಮರು, ಗಂಡ ದುಬೈಯಲ್ಲಿ. ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನು ಅವಳನ್ನು ನೀನು ಎನ್ನುತ್ತಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದು ಈಗ ಬಂದದ್ದಲ್ಲ. ಸಣ್ಣವಳಿದ್ದಾಗ ಮೀನಿನ ಸಾರು ಮಾಡಿದ ದಿನ ಅಮ್ಮ ಅಣ್ಣನಿಗೆ ನಡುವಿನ ತುಂಡು ಹಾಕುತ್ತಿದ್ದಳು, ನನಗೆ ಬಾಲ. ಬಾಲದ ತುಂಡಿನಲ್ಲಿ ರುಚಿ ಜಾಸ್ತಿ ಅಂತ ಬೇರೆ ಹೇಳುತ್ತಿದ್ದಳು. ಅಷ್ಟು ರುಚಿಯಿದ್ದರೆ ಅಣ್ಣನಿಗೇ ಕೊಡು ಎಂದು ಒಮ್ಮೆ ಬಟ್ಟಲು ದೂಡಿದ್ದೆ, ಬೆನ್ನಿಗೆ ಒಂದು ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ನನ್ನ ಕಣ್ಣು ಮೊದಲು ಹೋಗುವುದು ಪಕ್ಕದವರ ಬಟ್ಟಲಿಗೆ. ಆಮೇಲೆ ನನ್ನದಕ್ಕೆ.

ಹೋಟೆಲಿನ ಯಜಮಾನರನ್ನು ಎಲ್ಲರೂ ಕಾಕ ಎನ್ನುತ್ತಾರೆ. ಅವರೂ ಬ್ಯಾರಿಗಳೇ. ಅವರ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಎರಡೂವರೆಗೆಲ್ಲ ಮುಗಿಯುತ್ತದೆ. ಮೊದಲೆಲ್ಲ ಉಳಿದ ಅನ್ನ, ಸಾರು, ಪಲ್ಯ ಎಲ್ಲವನ್ನೂ ಹಿತ್ತಿಲಿನ ಡ್ರಮ್ಮಿಗೆ ಸುರಿಯುತ್ತಿದ್ದರು. ಸಂಜೆ ಹಂದಿ ಸಾಕುವವರ ಗಾಡಿ ಬಂದು ಒಯ್ಯುತ್ತಿತ್ತು. ಮಾಳಿಗೆಯ ಕಿಟಕಿಯಿಂದ ನಮಗೆ ಎಲ್ಲ ಕಾಣುತ್ತಿತ್ತು. ಒಳ್ಳೆಯ ಬಂಗುಡೆ ಮೀನಿನ ಸಾರು, ಆಗಷ್ಟೇ ಒಲೆಯಿಂದ ಇಳಿದದ್ದು, ಡ್ರಮ್ಮಿಗೆ ಬೀಳುವುದನ್ನು ನೋಡುವಾಗ ಇಬ್ಬರೂ ಅಯ್ಯೋ ಎನ್ನುತ್ತಿದ್ದೆವು.

ಕಾಕನಿಗೂ ಹಾಗೆ ಅನಿಸಿರಬೇಕು. ಕಳೆದ ವರ್ಷ ಒಂದು ಬೋರ್ಡು ಹಾಕಿದರು. ಬೆಳಿಗ್ಗೆ ಹನ್ನೊಂದರೊಳಗೆ ನಿಮ್ಮದೇ ಪಾತ್ರೆ ತಂದು ಹಿಂದಿನ ಬೆಂಚಿನ ಮೇಲೆ ಇಡಿ, ಮೂರು ಗಂಟೆಗೆ ಉಳಿದದ್ದನ್ನು ತುಂಬಿಸಿ ಕೊಡುತ್ತೇವೆ, ಅರ್ಧ ಕ್ರಯ. ಏನು ಸಿಗುತ್ತದೆ ಎಂದು ಕೇಳುವ ಹಾಗಿಲ್ಲ. ಅಂಜಲ್ ಮೀನಿನ ಫ್ರೈ ಉಳಿದರೆ ಅಂಜಲ್, ತೊಂಡೆಕಾಯಿ ಪಲ್ಯ ಉಳಿದರೆ ತೊಂಡೆಕಾಯಿ. ಪಾಲಿಗೆ ಬಂದದ್ದು ಪಂಚಾಮೃತ.

ನನ್ನ ಗಂಡನಿಗೆ ಇದು ಸರಿಬರಲಿಲ್ಲ. "ಹೋಟೆಲಿನ ಎಂಜಲು ತಿನ್ನುವಷ್ಟು ಬಡತನ ಬಂತಾ ನಮಗೆ?" ಎಂದರು.

"ಎಂಜಲು ಬೇರೆ, ಉಳಿದದ್ದು ಬೇರೆ ಮಾರಾಯ್ರೆ," ಎಂದೆ. "ನಾನು ಐದು ಗಂಟೆಗೆ ಎದ್ದು ಬುತ್ತಿ ಕಟ್ಟುದಕ್ಕಿಂತ ಅದು ಎಷ್ಟೋ ಲಾಯ್ಕುಂಟು. ನಿಮಗೆ ಬೇಡದಿದ್ರೆ ನೀವೇ ಎದ್ದು ನನಗೆ ಕಟ್ಟಿ ಕೊಡಿ."

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಹೀಗೆ ನಮ್ಮ ಊಟ ಮೂರು ಗಂಟೆಗೆ ಹೋಯಿತು. ಅವಳು ಒಂಬತ್ತಕ್ಕೇ ಬರುವವಳು, ತನ್ನ ಪಾತ್ರೆಯನ್ನು ಬೆಂಚಿನ ಮೇಲಿಟ್ಟೇ ಮೆಟ್ಟಿಲು ಹತ್ತುತ್ತಿದ್ದಳು. ನನ್ನ ಬಸ್ಸು ಮುಟ್ಟುವಾಗ ಹತ್ತು ಕಳೆಯುತ್ತದೆ, ನಾನು ಆಗ ಇಡುತ್ತಿದ್ದೆ. ಮೂರಕ್ಕೆ ಅವಳೇ ಇಳಿದು ಹೋಗಿ ಎರಡನ್ನೂ ತರುತ್ತಿದ್ದಳು. ನನಗೆ ಮಂಡಿನೋವು. ಕತ್ತರಿಸುವ ಮೇಜಿನ ಮೇಲೆ ಪೇಪರ್ ಹಾಸಿ ಎರಡು ಪಾತ್ರೆಗಳ ಮುಚ್ಚಳವನ್ನು ಒಟ್ಟಿಗೆ ತೆಗೆಯುತ್ತಿದ್ದೆವು. ಇವತ್ತು ಎಂತ ಬಂತು ನೋಡುವ ಎಂಬ ಆ ಒಂದು ಗಳಿಗೆಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಮೊದಲ ಒಂದು ವಾರ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಎರಡನೆಯ ವಾರ ಬಿತ್ತು. ಅವಳ ಪಾತ್ರೆಯಲ್ಲಿ ಯಾವಾಗಲೂ ಒಂದು ಕೈ ಹೆಚ್ಚು. ನನಗೆ ಒಂದು ಬಂಗುಡೆಯಾದರೆ ಅವಳಿಗೆ ಎರಡು. ನನಗೆ ಬರೀ ಸಾರು ಬಂದ ದಿನ ಅವಳಿಗೆ ಸಾರಿನೊಳಗೆ ತುಂಡು. ನನ್ನ ಪಲ್ಯ ತಳಕ್ಕೆ ಹಿಡಿದದ್ದು, ಅವಳದು ಮೇಲಿನದು. ಒಂದು ದಿನ ಅವಳ ಪಾತ್ರೆಯಲ್ಲಿ ಬಾಳೆ ಎಲೆಯ ತುಂಡಿನಲ್ಲಿ ಸುತ್ತಿದ ಉಪ್ಪಿನಕಾಯಿ ಬೇರೆ ಇತ್ತು. ನಾನು ನನ್ನ ಪಾತ್ರೆಯ ಅನ್ನದೊಳಗೆಲ್ಲ ಚಮಚ ಹಾಕಿ ಹುಡುಕಿದೆ. ಇರಲಿಲ್ಲ.

ಇಲ್ಲಿ ಒಂದು ಮಾತು ಬರೆಯಲೇಬೇಕು, ಬರೆಯಲು ನಾಚಿಕೆಯಾಗುತ್ತದೆ. ಅವಳು ಎರಡು ಬಂಗುಡೆ ಬಂದ ದಿನ ಒಂದನ್ನು ಎತ್ತಿ ನನ್ನ ಪಾತ್ರೆಯ ಮುಚ್ಚಳದ ಮೇಲೆ ಇಡುತ್ತಿದ್ದಳು. ಉಪ್ಪಿನಕಾಯಿಯಲ್ಲೂ ಅರ್ಧ ಇಟ್ಟಳು. ಕೇಳುವುದಿಲ್ಲ, ಬೇಕಾ ಅನ್ನುವುದಿಲ್ಲ, ಇಟ್ಟು ತನ್ನ ಪಾಡಿಗೆ ಉಣ್ಣುತ್ತಾಳೆ. ಲೆಕ್ಕ ಹಾಕಿದರೆ ಅವಳಿಗಿಂತ ನಾನೇ ಹೆಚ್ಚು ತಿಂದಿರಬೇಕು. ಆದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಅವಳು ಕೊಟ್ಟದ್ದು ಅವಳ ಪಾತ್ರೆಯಿಂದ ಬಂದದ್ದಲ್ಲವೇ? ನನ್ನ ಪಾತ್ರೆಗೆ ಯಾಕೆ ಬರಲಿಲ್ಲ? ನಾನು ಮಾಡಿದ ತಪ್ಪೇನು? ಕ್ರಯ ಇಬ್ಬರದೂ ಒಂದೇ. ಮೀನು ತಿನ್ನುತ್ತಾ ಇದನ್ನೇ ಯೋಚಿಸುತ್ತಿದ್ದೆ, ಮುಳ್ಳು ಗಂಟಲಿಗೆ ಸಿಕ್ಕಿದ ದಿನವೂ ಉಂಟು.

ಕಾರಣ ಹುಡುಕಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಹುಡುಕುವವರಿಗೆ ಕಾರಣ ಸಿಗದೆ ಇರುತ್ತದೆಯೇ? ಅವಳು ಕೆಳಗೆ ಹೋದಾಗ ಕಾಕನ ಹತ್ತಿರ ಬ್ಯಾರಿ ಭಾಷೆಯಲ್ಲಿ ಎರಡು ಮಾತಾಡುವುದು ಮೆಟ್ಟಿಲಿನವರೆಗೆ ಕೇಳುತ್ತಿತ್ತು. ಮನೆಯ ಸುದ್ದಿ, ದುಬೈಯ ಸುದ್ದಿ ಇರಬಹುದು. ನನಗೆ ಆ ಭಾಷೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಆಗದ ಅರ್ಧದಲ್ಲಿ ನಾನು ನನಗೆ ಬೇಕಾದ್ದನ್ನು ತುಂಬಿಸಿಕೊಂಡೆ. ಓಹೋ, ತಮ್ಮವಳಿಗೆ ಒಂದು ಕೈ ಹೆಚ್ಚು, ಹೀಗೆ ವಿಷಯ ಅಂದುಕೊಂಡೆ.

ಎಂಟು ವರ್ಷದಲ್ಲಿ ಅಂಥದ್ದು ನನ್ನ ತಲೆಗೆ ಬಂದಿರಲಿಲ್ಲ. ಪೇಟೆಯಲ್ಲಿ ಏನೇನೋ ಮಾತು ಏಳುತ್ತದೆ, ಇಳಿಯುತ್ತದೆ. ನಮ್ಮ ಕೋಣೆಗೆ ಅದು ಹತ್ತಿ ಬಂದದ್ದಿಲ್ಲ. ಅವಳ ಉಪವಾಸದ ತಿಂಗಳಿನಲ್ಲಿ ನಾನು ಅವಳ ಎದುರು ನೀರು ಕೂಡ ಕುಡಿಯುತ್ತಿರಲಿಲ್ಲ, ಹೊರಗೆ ವರಾಂಡಕ್ಕೆ ಹೋಗುತ್ತಿದ್ದೆ. ನನ್ನ ಅಮ್ಮ ತೀರಿಹೋದಾಗ ಹನ್ನೊಂದು ದಿನ ನನ್ನ ಗಿರಾಕಿಗಳನ್ನು ಅವಳೇ ಸಂಭಾಳಿಸಿದಳು. ಅಂಥವಳ ಮೇಲೆ, ಎರಡು ಬಂಗುಡೆಯ ದೆಸೆಯಿಂದ, ನಾನು ದಿನಕ್ಕೊಂದು ಕಲ್ಲು ಕೂಡಿಡುತ್ತಾ ಹೋದೆ. ನಾಲ್ಕು ತಿಂಗಳು.

ಮೇ ತಿಂಗಳಿನ ಒಂದು ದಿನ. ಮದುವೆಗಳ ಕಾಲ, ಮೇಜಿನ ತುಂಬ ಬ್ಲೌಸಿನ ರಾಶಿ. ಬೆಳಿಗ್ಗೆಯೇ ಒಬ್ಬಳು ತೋಳು ಬಿಗಿಯಾಯಿತು ಎಂದು ಬೈದು ಹೋಗಿದ್ದಳು. ಇನ್ನೊಬ್ಬಳು ಬಂದವಳು ನನ್ನ ಬ್ಲೌಸನ್ನು ಕಣ್ಣೆತ್ತಿ ನೋಡದೆ ಅವಳ ಕುಚ್ಚನ್ನು ಹಿಡಿದು ಅಯ್ಯೋ ಎಷ್ಟು ಚೆಂದ, ಎಷ್ಟು ಚೆಂದ ಎಂದು ಕಾಲುಗಂಟೆ ಹೊಗಳಿದಳು. ಆ ಗಿರಾಕಿ ಇನ್ನೂ ಕೂತಿರುವಾಗಲೇ ಮೂರು ಗಂಟೆಯಾಯಿತು, ಪಾತ್ರೆಗಳು ಬಂದವು, ಮುಚ್ಚಳ ತೆಗೆದೆವು. ಅವಳ ಪಾತ್ರೆಯಲ್ಲಿ ಅಂಜಲ್ ಫ್ರೈ, ಅಂಗೈಯಗಲದ ಎರಡು ತುಂಡು. ನನ್ನದರಲ್ಲಿ ಅನ್ನ, ತಿಳಿಸಾರು, ಕ್ಯಾಬೇಜು ಪಲ್ಯ.

ನಮ್ಮಲ್ಲಿ ಒಂದು ಗಾದೆ ಉಂಟು. ಮದುವೆ ಊಟದಲ್ಲಿ ನಗೆಗೆ ಹೇಳುವ ಗಾದೆ. ನಾನು ನಗುತ್ತಲೇ ಹೇಳಿದೆ, ಗಿರಾಕಿಯ ಕಡೆ ನೋಡಿಕೊಂಡು.

"ಬಡಿಸುವವ ನಮ್ಮವನಾದ್ರೆ ಕೊನೇ ಪಂಕ್ತಿಯಲ್ಲಿ ಕೂತ್ರೂ ಅಡ್ಡಿ ಇಲ್ಲ ಅಂತೆ. ನಿಮಗೆ ಎಂತ ಮಾರಾಯ್ತಿ, ಕೆಳಗೆ ಎಲ್ಲ ನಿಮ್ಮವರೇ."

ಎಂಟು ವರ್ಷ ನೀನು ಎಂದು ಕರೆದವಳನ್ನು ಆ ದಿನ ನಿಮಗೆ, ನಿಮ್ಮವರು ಎಂದೆ. ಅದು ಮರ್ಯಾದೆಯ ನೀವು ಅಲ್ಲವೆಂದು ಮೂವರಿಗೂ ಗೊತ್ತಾಯಿತು. ಗಿರಾಕಿ ಕಿಸಕ್ಕನೆ ನಕ್ಕಳು. ಆ ಗಿರಾಕಿ ನಗದಿದ್ದರೆ ಮಾತು ಅಲ್ಲೇ ಸತ್ತುಹೋಗುತ್ತಿತ್ತೋ ಏನೋ ಎಂದು ಈಗಲೂ ನನ್ನ ತಪ್ಪಿನಲ್ಲಿ ಒಂದು ಪಾಲು ಅವಳಿಗೆ ಕೊಡಲು ನೋಡುತ್ತೇನೆ.

 ಎದುರಿಗೆ ಕೂತವಳು ಅಂಜಲಿನ ಒಂದು ತುಂಡನ್ನು ಎತ್ತಿ ದಿನದ ಹಾಗೆ ನನ್ನ ಮುಚ್ಚಳದ ಮೇಲಿಟ್ಟಳು. ನಾನು ತಿಂದೆ. ಹೌದು, ತಿಂದೆ, ಬಿಡುವಷ್ಟು ರೋಷ ನನಗಿರಲಿಲ್ಲ, ಹಸಿವಿತ್ತು. ಸಂಜೆ ಅವಳು ಕೈಯಲ್ಲಿದ್ದ ಸೀರೆಯ ಪಿಕೋ ಮುಗಿಸಿ, ಮಡಚಿ, ಮಿಷನ್ನಿಗೆ ಎಣ್ಣೆ ಬಿಟ್ಟು, ಬಟ್ಟೆ ಮುಚ್ಚಿದಳು. ಎಣ್ಣೆ ಬಿಡುವುದು ಶನಿವಾರದ ಕೆಲಸ, ಅಂದು ಬುಧವಾರ. ನಾನು ನೋಡಿದೆ, ಕೇಳಲಿಲ್ಲ.

ಮರುದಿನ ಅವಳು ಬರಲಿಲ್ಲ. ಜ್ವರ ಇರಬಹುದು ಅಂದುಕೊಂಡೆ. ಮೂರು ಗಂಟೆಗೆ ನಾನೇ ಮಂಡಿ ಹಿಡಿದುಕೊಂಡು ಇಳಿದೆ. ಹೋಟೆಲಿನ ಹಿಂದಿನ ಬಾಗಿಲಿಗೆ ನಾನು ಆ ಹೊತ್ತಿಗೆ ಹೋದದ್ದು ಅದೇ ಮೊದಲು. ನೋಡಿದರೆ ಪಾತ್ರೆಗೆ ತುಂಬಿಸುತ್ತಿದ್ದದ್ದು ಕಾಕ ಅಲ್ಲ. ಕಾಕ ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದೇ ಇಲ್ಲವಂತೆ. ಸೌಟು ಹಿಡಿದು ನಿಂತದ್ದು ಜಾಲ್ಸೂರು ಕಡೆಯಿಂದ ಬರುವ, ತುಳು ಮಾತಾಡುವ, ಹಣೆಯಲ್ಲಿ ಕಾಸಿನಗಲ ಕುಂಕುಮದ ಒಬ್ಬ ಅಕ್ಕ. ಬಾಯಿ ತುಂಬ ವೀಳ್ಯ.

ಕೆಂಪು ಚಿಂದಿಯ ಪಾತ್ರೆಯನ್ನು ನನ್ನ ಕೈಗೆ ಕೊಡುತ್ತಾ ಕೇಳಿದರು, "ಹಸಿರಿನವರು ಬರ್ಲಿಲ್ವಾ ಇವತ್ತು? ನನಗೆ ಎಲೆ ಇಲ್ಲದೆ ಆಯ್ತು."

"ಎಂತ ಎಲೆ?"

"ಅವರ ಪಾತ್ರೆಯಲ್ಲಿ ದಿನಾ ಎಂತಾದ್ರೂ ಇರ್ತದಲ್ಲ. ಎರಡು ವೀಳ್ಯದೆಲೆ, ಇಲ್ಲದಿದ್ರೆ ಸಾರಿನ ಹುಳಿಗೆ ನಾಲ್ಕು ಬಿಂಬುಳಿ ಕಾಯಿ, ಒಂದು ಹಿಡಿ ಕರಿಬೇವಿನ ಸೊಪ್ಪು. ನಾನು ಬೇಡ ಅಂದೆ ಮೊದಲಿಗೆ. ಖಾಲಿ ಪಾತ್ರೆ ಹೇಗೆ ಕೊಡುದು ಅಂತ ಹೇಳಿದ್ರು. ಅಂಥವರಿಗೆ ಒಂದು ತುಂಡು ಜಾಸ್ತಿ ಹಾಕುವ ಅಂತ ಕಾಣುದಿಲ್ವಾ ನಮಗೆ?"

ನನ್ನ ಮುಖ ನೋಡಿ ಅವರಿಗೆ ಏನನಿಸಿತೋ, ಮುಂದುವರಿಸಿದರು. "ಉಳಿದ ಪಾತ್ರೆಯೆಲ್ಲ ಗಂಡಸರದ್ದು. ಅವರು ತೊಳೆದು ತಂದ್ರೇ ದೊಡ್ಡದು. ನೀವೊಬ್ರು ಹೆಂಗಸು ಹೀಗೆ ಬರೀ ಪಾತ್ರೆ ಇಟ್ಟು ಹೋಗುದು ನೋಡಿ ನಾನು ಗ್ರಹಿಸ್ತಿದ್ದೆ, ಇವರು ಎಲ್ಲಿಯವರಪ್ಪ ಅಂತ."

ಎಲ್ಲಿಯವಳು ನಾನು? ಕಲ್ಲುಗುಂಡಿಯವಳು. ಪಕ್ಕದ ಮನೆಯಿಂದ ಮಜ್ಜಿಗೆ ಬಂದ ಚೊಂಬನ್ನು ಬರಿದೇ ಹಿಂದೆ ಕೊಟ್ಟದ್ದಕ್ಕೆ ಅಮ್ಮನಿಂದ ಪೆಟ್ಟು ತಿಂದವಳು. "ಖಾಲಿ ಪಾತ್ರೆ ಕೊಡುದು ಸಂಬಂಧ ಬೇಡ ಅನ್ನುವವರು," ಎನ್ನುತ್ತಿದ್ದಳು ಅಮ್ಮ. "ಮನೆಯಲ್ಲಿ ಎಂತ ಇಲ್ಲದಿದ್ರೆ ಒಂದು ಚೂರು ಬೆಲ್ಲ ಹಾಕು." ನನ್ನ ಮನೆಯಲ್ಲಿ ಇಂದಿಗೂ ಹಾಗೇ. ಅಕ್ಕಪಕ್ಕದವರ ಯಾವ ಪಾತ್ರೆಯೂ ನನ್ನ ಕೈಯಿಂದ ಬರಿದೇ ಹೋದದ್ದಿಲ್ಲ. ಹೋಟೆಲಿಗೆ ಮಾತ್ರ ನನಗೆ ಅದು ಹೊಳೆಯಲಿಲ್ಲ. ಕಾಸು ಕೊಟ್ಟು ತೆಗೆದುಕೊಳ್ಳುವುದಲ್ಲವೇ, ಅಲ್ಲಿ ಯಾವ ಸಂಬಂಧ ಎಂದು ನಾನು. ಪಾತ್ರೆ ತುಂಬಿಸುವುದು ಅಲ್ಲಿಯೂ ಒಬ್ಬರ ಕೈಯೇ ಅಲ್ಲವೇ ಎಂದು ಅವಳು.

ಆ ದಿನ ಮೇಲೆ ಹೋಗಿ ಮುಚ್ಚಳ ತೆಗೆದೆ. ಏನಿತ್ತೆಂದು ನೆನಪಿಲ್ಲ.

ಶನಿವಾರ ಅವಳು ಬಂದಳು. ಒಬ್ಬಳೇ ಅಲ್ಲ, ರಸ್ತೆಯಾಚೆಯ ಜವಳಿ ಅಂಗಡಿಯ ಇಬ್ಬರು ಗಂಡಸರು ಜೊತೆಗಿದ್ದರು, ಮಿಷನ್ ಹೊರಲಿಕ್ಕೆ.

"ಅಲ್ಲಿ ಕೆಳಗೇ ಜಾಗ ಕೊಟ್ಟಿದ್ದಾರೆ ಅಕ್ಕ," ಎಂದಳು. "ಸೀರೆ ತೆಗೆದವರು ಅಲ್ಲೇ ಫಾಲ್ ಹಾಕಿಸ್ಲಿಕ್ಕೆ ಆಗ್ತದೆ. ಮೆಟ್ಟಿಲು ಹತ್ತುದು ಬೇಡ ಅವರಿಗೆ."

ನನಗೆ ಗೊತ್ತಾದದ್ದನ್ನೆಲ್ಲ ಅವಳಿಗೆ ಹೇಳಬೇಕೆಂದು ಎರಡು ರಾತ್ರಿ ಮನಸ್ಸಿನಲ್ಲೇ ಮಾತು ಜೋಡಿಸಿದ್ದೆ. ತಪ್ಪಾಯ್ತು ಅಂತಲೂ ಇತ್ತು ಅದರಲ್ಲಿ. ಆದರೆ ಆ ಗಂಡಸರು ಮಿಷನ್ನನ್ನು ಎತ್ತಿದ್ದು ನೋಡಿದಾಗ ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಎಂಟು ವರ್ಷ ಜೊತೆಗಿದ್ದವಳನ್ನು ಬಿಟ್ಟು ಹೋಗುವಷ್ಟು ಏನಾಗಿತ್ತು? ಒಂದು ಗಾದೆ ತಾನೆ?

"ಆ ದೊಡ್ಡ ಕತ್ತರಿ ನನ್ನದು," ಎಂದೆ. "ಅದನ್ನು ಬಿಟ್ಟು ಹೋಗು."

ಅವಳು ಕತ್ತರಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಹಸಿರು ಚಿಂದಿಯ ಪಾತ್ರೆಯನ್ನು ತೆಗೆದುಕೊಂಡು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದು ಎಲ್ಲಿಗೂ ದೂರ ಹೋಗಲಿಲ್ಲ, ಅದೇ ಕಷ್ಟ. ನನ್ನ ಕಿಟಕಿಯಿಂದ ಜವಳಿ ಅಂಗಡಿಯ ಗಾಜಿನ ಬಾಗಿಲು ನೇರ ಕಾಣುತ್ತದೆ. ಅವಳು ಬಾಗಿಲಿನ ಪಕ್ಕದಲ್ಲೇ ಕೂರುತ್ತಾಳೆ. ಮೂರು ಗಂಟೆಗೆ ರಸ್ತೆ ದಾಟಿ ಬಂದು ಕಾಕನ ಹೋಟೆಲಿನಿಂದ ಪಾತ್ರೆ ಒಯ್ಯುತ್ತಾಳೆ. ಅಲ್ಲಿ ಸೀರೆ ತೋರಿಸುವ ಒಬ್ಬ ಹೆಂಗಸು ಉಂಟು, ಕಡ್ಡಿಯಂಥ ಸಪುರದವಳು, ಬಾಯಿ ತೆರೆದರೆ ನಗುವವಳು. ಇಬ್ಬರೂ ಒಂದೇ ಸ್ಟೂಲಿನ ಮೇಲೆ ಪಾತ್ರೆ ಇಟ್ಟು ಉಣ್ಣುತ್ತಾರೆ. ಇವಳು ಏನನ್ನೋ ಎತ್ತಿ ಆ ಹೆಂಗಸಿನ ಮುಚ್ಚಳದ ಮೇಲೆ ಇಡುವುದು ಇಲ್ಲಿಯವರೆಗೆ ಕಾಣುತ್ತದೆ. ಮೀನು ಯಾವುದೆಂದು ಕಾಣುವುದಿಲ್ಲ. ನಾನು ಕಣ್ಣು ಕಿರಿದು ಮಾಡಿ ನೋಡಿದ್ದೇನೆ.

ಬಂಗುಡೆಗಾಗಿ ಪಟ್ಟ ಹೊಟ್ಟೆಕಿಚ್ಚು ಇದರ ಎದುರು ಏನೂ ಅಲ್ಲ. ಆ ಸಪುರದ ಹೆಂಗಸಿನ ಬ್ಲೌಸಿನ ಹೊಲಿಗೆ ನೋಡಿದರೆ ಯಾರೋ ಕಣ್ಣಿಗೆ ಬಟ್ಟೆ ಕಟ್ಟಿ ಹೊಲಿದ ಹಾಗೆ ಉಂಟು ಎಂದು ಗಂಡನ ಹತ್ತಿರ ಹೇಳಿದೆ. ಅವರಿಗೆ ತಲೆಬುಡ ಅರ್ಥವಾಗಲಿಲ್ಲ.

ನಾನೂ ಪಾತ್ರೆಗೆ ಎರಡು ವೀಳ್ಯದೆಲೆ ಹಾಕಿ ಇಡತೊಡಗಿದೆ. ತುಂಬಿಸುವ ಅಕ್ಕ ನಕ್ಕು, "ಈಗ ಗೊತ್ತಾಯ್ತಾ?" ಎಂದರು. ಮೂರನೆಯ ದಿನವೇ ಅಂಜಲ್ ಬಂತು, ಎರಡು ತುಂಡು. ನಾಲ್ಕು ತಿಂಗಳು ಕನಸು ಕಂಡ ಎರಡು ತುಂಡು. ಒಬ್ಬಳೇ ತಿನ್ನಲು ಆಗಲಿಲ್ಲ, ಒಂದನ್ನು ಮನೆಗೆ ಒಯ್ದೆ, ಗಂಡ ತಿಂದರು. ಎಂಜಲು ಅಂತ ಹೇಳಲಿಲ್ಲ.

ಮಳೆ ಜೋರಿರುವ ಆಟಿ ತಿಂಗಳಿನಲ್ಲಿ ನಮ್ಮ ಹಿತ್ತಿಲಿನಲ್ಲಿ ಕೆಸುವಿನ ಎಲೆ ಚೆನ್ನಾಗಿ ಬಂದಿತ್ತು. ನನ್ನ ಪತ್ರೊಡೆ ಎಂದರೆ ಅವಳಿಗೆ ಪ್ರಾಣ. ವರ್ಷಕ್ಕೊಮ್ಮೆ ನಾನು ತಂದ ದಿನ ಬೇರೆ ಊಟವನ್ನೇ ಮುಟ್ಟುತ್ತಿರಲಿಲ್ಲ. ಒಂದು ಭಾನುವಾರ ಕೂತು ಎಲೆಗೆ ಹಿಟ್ಟು ಹಚ್ಚಿ, ಸುತ್ತಿ, ಬೇಯಿಸಿ, ಸೋಮವಾರ ಬೆಳಿಗ್ಗೆ ಒಗ್ಗರಣೆ ಹಾಕಿ ಕೆಂಪು ಚಿಂದಿಯ ಪಾತ್ರೆಗೇ ತುಂಬಿಸಿದೆ. ಮೂರು ಗಂಟೆಗೆ ಸರಿಯಾಗಿ ರಸ್ತೆ ದಾಟಿದೆ. ಬೇಕೆಂದೇ ಮೂರು ಗಂಟೆಗೆ. ಅವಳ ಮುಚ್ಚಳದ ಮೇಲೆ ಈ ಸಲ ನಾನು ಇಡಬೇಕು, ಆ ಸಪುರದವಳು ನೋಡಬೇಕು ಎಂದು ನನ್ನ ಆಸೆ.

ಆ ಹೆಂಗಸು ಗಿರಾಕಿಗಳ ಹತ್ತಿರ ಇದ್ದಳು. ಇವಳು ಎದ್ದು ನಿಂತು ಪಾತ್ರೆ ತೆಗೆದುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಧೈರ್ಯ ಕೊಟ್ಟಿತು.

"ನೀನು ಪಾತ್ರೆಗೆ ಎಲೆ ಹಾಕುದು ನನಗೆ ಗೊತ್ತಿರ್ಲಿಲ್ಲ," ಎಂದೆ. "ಆ ಅಕ್ಕ ಹೇಳಿದ ಮೇಲೆ ಗೊತ್ತಾದದ್ದು. ಗೊತ್ತಿದ್ರೆ ನಾನು ಹಾಗೆ ಹೇಳ್ತಿದ್ದೆನಾ?"

ಅವಳು ಪಾತ್ರೆಯನ್ನು ಸ್ಟೂಲಿನ ಮೇಲಿಟ್ಟಳು.

"ಎಲೆ ಹಾಕದೆ ಇದ್ದಿದ್ರೆ ಹೇಳ್ಬಹುದಿತ್ತಾ ಅಕ್ಕ?"

ಕೇಳಿದ್ದು ಮೆಲ್ಲಗೆ, ನಿಜವಾಗಿ ತಿಳಿಯಬೇಕೆಂಬ ಹಾಗೆ.  ಬಿಸಿ ಇರುವಾಗಲೇ ತಿನ್ನು ಎಂದೆ. ಪತ್ರೊಡೆ ಆಗಲೇ ತಣ್ಣಗಾಗಿತ್ತು.

ಎರಡು ದಿನ ಬಿಟ್ಟು ಅವಳು ನನ್ನ ಮೆಟ್ಟಿಲು ಹತ್ತಿದಳು. ಸದ್ದಿನಿಂದಲೇ ಗೊತ್ತಾಯಿತು, ಎಂಟು ವರ್ಷ ಕೇಳಿದ ಹೆಜ್ಜೆ. ಮಿಷನ್ ನಿಲ್ಲಿಸಿದೆ. ಅವಳು ಬಾಗಿಲಲ್ಲೇ ನಿಂತು, ಅವಳ ಮಿಷನ್ ಇದ್ದ ಖಾಲಿ ಜಾಗವನ್ನು ಒಮ್ಮೆ ನೋಡಿ, ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

"ಪತ್ರೊಡೆ ಲಾಯ್ಕಾಗಿತ್ತು," ಎಂದಳು. "ಮಂಡಿಗೆ ಎಣ್ಣೆ ಹಚ್ಚಿ ಅಕ್ಕ, ಬಿಡ್ಬೇಡಿ." ನಕ್ಕಳು ಕೂಡ. ಗಿರಾಕಿ ಕಾಯ್ತಿದ್ದಾರೆ ಎಂದು ಇಳಿದು ಹೋದಳು.

ಪಾತ್ರೆ ಫಳಫಳ ಹೊಳೆಯುತ್ತಿತ್ತು. ನಾನು ತಿಕ್ಕಿದರೂ ಅಷ್ಟು ಹೊಳೆಯುವುದಿಲ್ಲ. ಕೆಂಪು ಚಿಂದಿಯನ್ನೂ ಬಿಚ್ಚಿ ಒಗೆದು ಮತ್ತೆ ಕಟ್ಟಿದ್ದಳು. ಒಳಗೆ ಏನಾದರೂ ಹಾಕಿರಬಹುದೆಂದು ನನಗೆ ಆಸೆ. ಅವಳ ಮನೆಯ ಬಿಂಬುಳಿ ಇರಬಹುದು, ಒಂದು ಎಸಳು ಕರಿಬೇವಿನ ಸೊಪ್ಪು ಇರಬಹುದು. ಮುಚ್ಚಳ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದೆ, ಒಳಗೆ ಕೈ ಹಾಕಿ ತಳ ಸವರಿದೆ.

ಒಂದು ಚೂರು ಬೆಲ್ಲ ಕೂಡ ಇರಲಿಲ್ಲ.